ಬೆನ್ನು ತೋರಿಸದ ರೈಲು

ಹೊಳೆನರಸೀಪುರದ ಪೇಟೆಬೀದಿಯಲ್ಲಿ ಚಂದ್ರಶೇಖರಯ್ಯನವರ ಗಡಿಯಾರ ರಿಪೇರಿ ಅಂಗಡಿ ಎಲ್ಲಿ ಎಂದು ಕೇಳಿದರೆ, ಹತ್ತು ಗಡಿಯಾರ ಹತ್ತು ಥರ ಟೈಮು ತೋರಿಸುವ ಅಂಗಡಿ ಯಾವುದೋ ಅದೇ ಎನ್ನುತ್ತಿದ್ದರು. ಇದು ಸ್ವಲ್ಪ ಅನ್ಯಾಯದ ಮಾತು. ಹತ್ತರಲ್ಲಿ ಮೂರು ಯಾವಾಗಲೂ ನಿಂತೇ ಇರುತ್ತಿದ್ದವು. ಉಳಿದ ಏಳನ್ನು ಅವರು ಬೆಳಗಿನ ರೈಲಿನ ಸಿಳ್ಳೆ ಕೇಳಿ ಸರಿಮಾಡುತ್ತಿದ್ದರು. ಸಿಳ್ಳೆ ಪ್ಯಾಸೆಂಜರಿನದೋ ಗೂಡ್ಸಿನದೋ ಎಂದು ಅನುಮಾನ ಬಂದ ದಿನ ಅರ್ಧಕ್ಕೆ ಒಂದು ಟೈಮು, ಇನ್ನರ್ಧಕ್ಕೆ ಇನ್ನೊಂದು ಟೈಮು ಇಡುತ್ತಿದ್ದರು. ಎರಡರಲ್ಲಿ ಒಂದಾದರೂ ಸರಿ ಇರಲೇಬೇಕಲ್ಲ.

ರೈಲಿಗೂ ಅವರಿಗೂ ಹಳೆಯ ನಂಟು. ಹತ್ತೊಂಬತ್ತನೇ ವಯಸ್ಸಿನಲ್ಲಿ ಮೈಸೂರಿನ ರೈಲ್ವೆ ಕಾರ್ಖಾನೆಯಲ್ಲಿ ಹದಿನಾಲ್ಕು ತಿಂಗಳು ಕೆಲಸ ಕಲಿತಿದ್ದರು. ತಂದೆ ತೀರಿಕೊಂಡರೆಂದು ಊರಿಗೆ ಬಂದವರು ತಿರುಗಿ ಹೋಗಲಿಲ್ಲ. ಬೆಲ್ಲದ ಮಂಡಿ ಅಣ್ಣನ ಪಾಲಿಗೆ ಹೋಯಿತು. ಮಂಡಿಯ ಪಕ್ಕದ ಕೋಣೆ ಇವರ ಪಾಲಿಗೆ ಬಂತು. ಅಲ್ಲಿ ಗಡಿಯಾರ, ಪೆಟ್ರೋಮ್ಯಾಕ್ಸು, ಹೊಲಿಗೆ ಮಿಷನ್ನು ಯಾವುದು ಬಂದರೂ ಬಿಚ್ಚುತ್ತಿದ್ದರು. ಚನ್ನರಾಯಪಟ್ಟಣದಿಂದಲೂ ಗಿರಾಕಿಗಳು ಬರುತ್ತಿದ್ದರು. ಬಿಚ್ಚಿದ್ದನ್ನು ಜೋಡಿಸಿ ಕೊಡುವಾಗ ಎರಡು ತಿರುಪನ್ನು ಕಾಗದದಲ್ಲಿ ಕಟ್ಟಿ ಬೇರೆಯಾಗಿ ಕೊಡುವುದು ಅಂಗಡಿಯ ಪದ್ಧತಿ. ‘ಇವು ಅದಕ್ಕೆ ಬೇಕಾಗಿಲ್ಲ’ ಎನ್ನುತ್ತಿದ್ದರು. ಆಶ್ಚರ್ಯವೆಂದರೆ ವಸ್ತು ನಡೆಯುತ್ತಿತ್ತು.

ಬೇರೆಯವರ ವಸ್ತುವಿನಿಂದ ತಿರುಪು ತೆಗೆಯುವ ಈ ಮನುಷ್ಯ ತಮ್ಮ ಮನೆಯಲ್ಲಿ ಮಾತ್ರ ಸುಮ್ಮನಿದ್ದ ಕಡೆಯೆಲ್ಲ ತಿರುಪು ಹಾಕುತ್ತಿದ್ದರು. ಹಿತ್ತಲ ಬಾಗಿಲಿಗೆ ಒಂದು ಅಗುಳಿ ಸಾಕಾಗಿತ್ತು. ಅದನ್ನು ಕಿತ್ತು ಒಂದು ರಾಟೆ, ಒಂದು ಹಗ್ಗ, ಅರ್ಧ ಇಟ್ಟಿಗೆ ಸೇರಿಸಿ, ಹಗ್ಗ ಜಗ್ಗಿದರೆ ತಾನೇ ತೆರೆಯುವ ಬಾಗಿಲು ಮಾಡಿದರು. ಎರಡು ಕೈಯಲ್ಲೂ ಕೊಡ ಹಿಡಿದು ಬಾವಿಯಿಂದ ಬರುತ್ತಿದ್ದ ಅವರ ಹೆಂಡತಿ ಗಂಗಾಂಬಿಕೆ, ಹಗ್ಗವನ್ನು ಹಲ್ಲಿನಿಂದ ಜಗ್ಗಬೇಕಾಗುತ್ತಿತ್ತು. ನಾಲ್ಕು ದಿನ ಜಗ್ಗಿ, ಐದನೆಯ ದಿನ ಇಟ್ಟಿಗೆಯನ್ನು ತಿಪ್ಪೆಗೆ ಹಾಕಿದಳು. ಅಗುಳಿ ವಾಪಸು ಬಂತು.

ಗಂಗಾಂಬಿಕೆ ರಾಮನಾಥಪುರದ ಹೊಗೆಸೊಪ್ಪಿನ ವ್ಯಾಪಾರದ ಮನೆಯವಳು. ಮದುವೆಯಾಗಿ ಹನ್ನೊಂದು ವರ್ಷವಾಗಿದ್ದರೂ ಒಂದು ದಸರೆಯನ್ನೂ ಗಂಡನ ಮನೆಯಲ್ಲಿ ಕಳೆದಿರಲಿಲ್ಲ. ಕಾರಣ ಗೊಂಬೆ. ತವರಿನಲ್ಲಿ ಒಂಬತ್ತು ದಿನವೂ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಿದ್ದರು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಮರದ ರಾಜ ರಾಣಿ, ಮೂರು ತಲೆಮಾರು ಹಳೆಯ ಜೋಡಿ. ಹೊಳೆನರಸೀಪುರದ ಮನೆಯಲ್ಲಿ ಗೊಂಬೆ ಕೂರಿಸೋಣವೆಂದರೆ ನಡುಮನೆ ತುಂಬ ಬಿಚ್ಚಿದ ಗಡಿಯಾರ. ಹೀಗಾಗಿ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆ ಮುಗಿದ ಕೂಡಲೇ ಆಕೆ ಬಸ್ಸು ಹತ್ತುತ್ತಿದ್ದಳು. ಚಂದ್ರಶೇಖರಯ್ಯ ಹೋಟೆಲಿನಲ್ಲಿ ಊಟಮಾಡಿ, ಹತ್ತನೆಯ ದಿನ ಹೊಟ್ಟೆ ಹಿಡಿದುಕೊಂಡು ಹೆಂಡತಿಯ ದಾರಿ ಕಾಯುತ್ತಿದ್ದರು. ಹೊಟ್ಟೆಯದೊಂದೇ ಸಂಕಟವಲ್ಲ. ಊರಿಗೆಲ್ಲ ಹಬ್ಬವಾದಾಗ ತಮ್ಮ ಮನೆಯ ಬಾಗಿಲಿಗೆ ತೋರಣವಿಲ್ಲದೆ ಇರುವುದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಬಾಯಿಬಿಟ್ಟು ಹೇಳುವ ಜಾತಿಯಲ್ಲ.

೧೯೩೮ನೇ ಇಸವಿ ಯುಗಾದಿಯ ಹೊತ್ತಿಗೆ ಅವರೇ ಬಾಯಿಬಿಟ್ಟರು. ನಡುಮನೆ ಖಾಲಿ ಮಾಡಿಕೊಡುತ್ತೇನೆ, ಗೊಂಬೆ ಇಲ್ಲೇ ಕೂರಿಸು ಎಂದರು. ಗಂಗಾಂಬಿಕೆ ನಂಬಲಿಲ್ಲ. ಮಾರನೆಯ ದಿನವೇ ಗಡಿಯಾರಗಳೆಲ್ಲ ಅಟ್ಟ ಹತ್ತಿದ್ದನ್ನು ಕಂಡು ನಂಬಿ, ತವರಿಗೆ ಹೇಳಿಕಳಿಸಿದಳು. ತವರಿನಲ್ಲಿ ಗೊಂಬೆ ಪೆಟ್ಟಿಗೆಯ ಬೀಗದ ಕೈ ಇದ್ದದ್ದು ಆಕೆಯ ಸೋದರತ್ತೆ ನೀಲಗಂಗಮ್ಮನವರ ಸೊಂಟದಲ್ಲಿ. ಅವರು ಒಪ್ಪಿದರು, ಆದರೆ ಕರಾರಿನ ಮೇಲೆ. ಪಟ್ಟದ ಗೊಂಬೆ ಈ ಒಂದು ವರ್ಷಕ್ಕೆ ಮಾತ್ರ. ಅಷ್ಟಮಿಯ ದಿನ ತಾವೇ ಬಂದು ನೋಡುತ್ತಾರೆ. ರಾಜರಾಣಿಗೆ ಮರ್ಯಾದೆ ಆಗಿದ್ದರೆ ಪೆಟ್ಟಿಗೆ ಅಲ್ಲೇ ಉಳಿಯುತ್ತದೆ. ನಗೆಪಾಟಲಾಗಿದ್ದರೆ ಪೆಟ್ಟಿಗೆಯೂ ಗಂಗಾಂಬಿಕೆಯೂ ಮುಂದಿನ ದಸರೆಗೆ ಮೊದಲಿನಂತೆ ರಾಮನಾಥಪುರಕ್ಕೆ.

ಮರ್ಯಾದೆಯ ಮಾತು ಕೇಳಿದ ಮೇಲೆ ಚಂದ್ರಶೇಖರಯ್ಯ ಸುಮ್ಮನಿರುವುದುಂಟೇ? ಗೊಂಬೆ ಮನೆಗೆ ವರ್ಷಕ್ಕೊಂದು ಹೊಸದು ಸೇರಬೇಕೆಂಬುದು ವಾಡಿಕೆ. ಜನ ಒಂದು ಹೊಸ ಮಣ್ಣಿನ ಗೊಂಬೆ ತಂದಿಡುತ್ತಾರೆ. ಇವರು, ಮೆಟ್ಟಿಲ ಕೆಳಗೆ ನೆಲದ ಮೇಲೆ ರೈಲು ಓಡಿಸುತ್ತೇನೆ ಎಂದರು. ಕೀಲಿ ಕೊಟ್ಟು ಬಿಡುವ ರೈಲಲ್ಲ, ಕರೆಂಟಿನದು.

ಅದಕ್ಕೆ ಮೋಟಾರು ಸಿಕ್ಕಿದ್ದು ಸಕಲೇಶಪುರದ ಕಡೆಯ ತೋಟದ ದೊರೆಯೊಬ್ಬನ ಮನೆಯಿಂದ ರಿಪೇರಿಗೆ ಬಂದಿದ್ದ ಆಟದ ದೋಣಿಯಲ್ಲಿ. ದೊರೆ ಸಂಸಾರ ಸಮೇತ ಇಂಗ್ಲೆಂಡಿಗೆ ಹೋದ ಮೇಲೆ ದೋಣಿಯನ್ನು ಕೇಳುವವರಿರಲಿಲ್ಲ. ಲಾಳದಂಥ ಅಯಸ್ಕಾಂತವಿದ್ದ ಆ ಪುಟ್ಟ ಮೋಟಾರನ್ನು ತೆಗೆದು, ಬಿಸ್ಕತ್ತಿನ ಡಬ್ಬ ಕತ್ತರಿಸಿ ಎಂಜಿನ್ನು ಮಾಡಿ, ಅದರೊಳಗೆ ಕೂರಿಸಿ, ಹಿಂದೆ ಎರಡು ಡಬ್ಬಿ ಜೋಡಿಸಿದರು. ಮರದ ಚಕ್ರಕ್ಕೆ ಹಿತ್ತಾಳೆಯ ಬಳೆ. ಬಿದಿರಿನ ಚಕ್ಕೆಯ ಸ್ಲೀಪರು, ಅದರ ಮೇಲೆ ಹಿತ್ತಾಳೆ ಪಟ್ಟಿಯ ಎರಡು ಹಳಿ. ಕರೆಂಟಿಗೆ ರಾಮಣ್ಣನ ಬಸ್ಸಿನ ಬ್ಯಾಟರಿ. ಹೊಳೆನರಸೀಪುರದಿಂದ ಅರಕಲಗೂಡಿನ ಮೇಲೆ ರಾಮನಾಥಪುರಕ್ಕೆ ಬಸ್ಸು ಓಡಿಸುತ್ತಿದ್ದ ರಾಮಣ್ಣ ಚಂದ್ರಶೇಖರಯ್ಯನವರ ಸ್ನೇಹಿತ. ಸಂಜೆ ಬಸ್ಸು ನಿಲ್ಲಿಸಿದ ಮೇಲೆ ಬ್ಯಾಟರಿಯನ್ನು ಗೋಣಿತಾಟಿನಲ್ಲಿ ಸುತ್ತಿ ತರುವುದು, ಬೆಳಗಿನ ಟ್ರಿಪ್ಪಿಗೆ ಮುಂಚೆ ಒಯ್ಯುವುದು ಎಂದು ಏರ್ಪಾಡಾಯಿತು. ಬ್ಯಾಟರಿ ಹಾಳಾದೀತೆಂಬ ಭಯಕ್ಕೆ ರಾಮಣ್ಣ ತಂತಿಯ ನಡುವೆ ಬಸ್ಸಿನ ದೀಪದ ಒಂದು ಬಲ್ಬು ಸೇರಿಸಿದ. ಎಲ್ಲ ಸರಿಯಿದ್ದರೆ ಬಲ್ಬು ಸುಮ್ಮನಿರುತ್ತದೆ. ಎಲ್ಲಾದರೂ ಎರಡು ತಂತಿ ಒಂದಕ್ಕೊಂದು ತಗುಲಿದರೆ ಬಲ್ಬು ಝಗ್ಗೆಂದು ಉರಿಯುತ್ತದೆ, ಬ್ಯಾಟರಿ ಉಳಿಯುತ್ತದೆ.

ಲೆಕ್ಕ ಸುಲಭ. ಬ್ಯಾಟರಿಯ ಒಂದು ತಂತಿ ಎಡಗಡೆಯ ಹಳಿಗೆ, ಇನ್ನೊಂದು ಬಲಗಡೆಯ ಹಳಿಗೆ. ಕರೆಂಟು ಎಡದ ಹಳಿಯಿಂದ ಚಕ್ರ ಹತ್ತಿ, ಮೋಟಾರು ತಿರುಗಿಸಿ, ಬಲದ ಹಳಿಗೆ ಇಳಿದು ಮನೆಗೆ ಹೋಗುತ್ತದೆ. ಎರಡು ಹಳಿ ಒಂದಕ್ಕೊಂದು ತಾಗಬಾರದು, ಅಷ್ಟೆ. ಬಾಗಿಲ ಹತ್ತಿರ ಹೊಳೆನರಸೀಪುರ ಸ್ಟೇಷನ್ನು, ಮೆಟ್ಟಿಲ ಬುಡದಲ್ಲಿ ಹಾಸನ ಸ್ಟೇಷನ್ನು, ನಡುವೆ ನೆಟ್ಟಗೆ ಹಳಿ. ಇಷ್ಟಕ್ಕೇ ನಿಂತಿದ್ದರೆ ಅಡಚಣೆ ಇರುತ್ತಿರಲಿಲ್ಲ, ಬರೆಯುವವರಿಗೆ ಕಸುಬೂ ಇರುತ್ತಿರಲಿಲ್ಲ.

ಆದರೆ ಹಾಸನಕ್ಕೆ ಹೋದ ಎಂಜಿನ್ನು ವಾಪಸು ಬರುವುದು ಹೇಗೆ? ಹಿಂದುಹಿಂದಕ್ಕೆ ಬರುವುದು ಕಾರ್ಖಾನೆಯಲ್ಲಿ ಕೆಲಸ ಕಲಿತವರಿಗೆ ಅವಮಾನ. ಆದ್ದರಿಂದ ಹಳಿ ಹಾಸನದಲ್ಲಿ ನಿಲ್ಲದೆ, ಮೆಟ್ಟಿಲುಗಳ ಕೆಳಗೆ ಸುರಂಗದೊಳಕ್ಕೆ ನುಗ್ಗಿ, ಒಳಗೇ ಒಂದು ಸುತ್ತು ಹಾಕಿ, ಇನ್ನೊಂದು ಬಾಯಿಂದ ಹೊರಬಂದು, ತಾನು ಹೋದ ಹಳಿಗೇ ಬಂದು ಸೇರಬೇಕು. ಬಾವಿಯ ಹಗ್ಗದ ತುದಿಯಲ್ಲಿ ಕೊಡಕ್ಕೆ ಹಾಕುವ ಕುಣಿಕೆ ಇರುತ್ತದಲ್ಲ, ಹಾಗೆ. ಕುಣಿಕೆ ಮಾಡಲು ಮೂರು ತಿಂಗಳು ಹಿಡಿಯಿತು. ಟ್ರಂಕು, ಹಲಗೆ ಜೋಡಿಸಿ ಮೆಟ್ಟಿಲು ಕಟ್ಟುವ ಮೊದಲೇ ಸುರಂಗದ ಹಳಿ ಹಾಕಿ, ತುಂಡುತುಂಡಾಗಿ ಎಂಜಿನ್ನು ಬಿಟ್ಟು ನೋಡಿದರು. ಪ್ರತಿ ತುಂಡಿನಲ್ಲೂ ಓಡಿತು. ಕುಣಿಕೆ ಬಂದು ಸೇರುವ ಜಾಗದ ಗೇಣುದ್ದದ ಒಂದು ತುಂಡು ಮಾತ್ರ ಬಾಕಿ ಇತ್ತು. ಅಷ್ಟರಲ್ಲಿ ಪಾಡ್ಯದ ಬೆಳಗಾಯಿತು, ರಾಹುಕಾಲ ಹತ್ತಿರವಾಯಿತು. ಗಂಗಾಂಬಿಕೆ ಕಳಶ ಇಟ್ಟು, ರಾಜರಾಣಿಯನ್ನು ಕೂರಿಸಿ, ಮೆಟ್ಟಿಲ ತುಂಬ ಎಪ್ಪತ್ತೆರಡು ಗೊಂಬೆ ಜೋಡಿಸಿ ಆರತಿ ಎತ್ತಿದಳು.

ಒಮ್ಮೆ ಕೂರಿಸಿದ ಗೊಂಬೆಯನ್ನು ವಿಜಯದಶಮಿಯವರೆಗೆ ಅಲ್ಲಾಡಿಸುವ ಹಾಗಿಲ್ಲ. ಇದು ಚಂದ್ರಶೇಖರಯ್ಯನವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಇದರಿಂದ ತಮಗೇನು ಎಂಬುದಷ್ಟೇ ಗೊತ್ತಿರಲಿಲ್ಲ.

ಅಂದು ಸಂಜೆ ಕೊನೆಯ ತುಂಡು ಇಟ್ಟು, ಸ್ವಿಚ್ಚು ಒತ್ತಿದರು. ರೈಲು ಅಲ್ಲಾಡಲಿಲ್ಲ. ಬಲ್ಬು ಝಗ್ಗೆಂದು ಹತ್ತಿಕೊಂಡು ರಾಜರಾಣಿಯ ಮುಖ ಬೆಳಗಿತು. ನೋಡಲು ಬಂದಿದ್ದ ಪಕ್ಕದ ಮನೆಯ ಪ್ರೇಮಕುಮಾರಿ, ಹಾಸನದಲ್ಲಿ ಓದಿ ಬಂದ ಹುಡುಗಿ, ಹೊಸದಾಗಿ ಮೇಷ್ಟರ ಹೆಂಡತಿಯಾಗಿದ್ದವಳು, ‘ದೀಪ ಬಹಳ ಚೆನ್ನಾಗಿದೆ ಗಂಗಕ್ಕ, ಕೆಳಗಡೆ ರೈಲಿನ ಹಾಗೆ ಏನೋ ಇಟ್ಟಿದ್ದೀರಲ್ಲ, ಅದೂ ಚೆನ್ನಾಗಿದೆ’ ಎಂದು ಹೇಳಿ, ಚರುಪಿನ ತಿಂಡಿ ತೆಗೆದುಕೊಂಡು ಹೋದಳು. ಮಾರನೆಯ ಬೆಳಿಗ್ಗೆಯ ಹೊತ್ತಿಗೆ ಈ ಮಾತು ಪೇಟೆಬೀದಿಯ ಕೊನೆ ಮುಟ್ಟಿತ್ತು.

ಸುರಂಗದೊಳಗೆ ಮೊಳೆಯೋ ಸೂಜಿಯೋ ಹಳಿಗಳ ಮೇಲೆ ಅಡ್ಡ ಬಿದ್ದಿದೆ ಎಂದು ಚಂದ್ರಶೇಖರಯ್ಯ ನಿಶ್ಚಯಿಸಿದರು. ಮೂರನೆಯ ಮೆಟ್ಟಿಲ ನಾಲ್ಕೇ ನಾಲ್ಕು ಗೊಂಬೆ ಎತ್ತಿದರೆ ಸಾಕು, ಹಲಗೆ ಸರಿಸಿ ನೋಡಿಬಿಡುತ್ತೇನೆ ಎಂದು ಹೆಂಡತಿಯನ್ನು ಕೇಳಿದರು.

‘ಎತ್ತಿ. ಹಾಗೇ ಬಸ್ ಸ್ಟ್ಯಾಂಡಿಗೆ ಹೋಗಿ ನನಗೂ ಒಂದು ಟಿಕೆಟ್ಟು ತಗೊಂಡು ಬನ್ನಿ’ ಎಂದಳು ಗಂಗಾಂಬಿಕೆ.

ಅವರು ಎತ್ತಲಿಲ್ಲ. ಬದಲಿಗೆ ಬಿದಿರುಕೋಲಿನ ತುದಿಗೆ ತಂತಿ ಕಟ್ಟಿ ಸುರಂಗದೊಳಕ್ಕೆ ತೂರಿಸಿದರು. ಕರೆಂಟು ಒಳಗಡೆಗೆ ಸಾಲದೆ ಹೋಗಿರಬಹುದೆಂದು ಎರಡನೆಯ ದಿನ ಇನ್ನೆರಡು ತಂತಿ, ಮೂರನೆಯ ದಿನ ಮತ್ತೆರಡು ತಂತಿ ಮತ್ತು ಒಂದು ಸ್ವಿಚ್ಚು. ಆರನೆಯ ದಿನದ ಹೊತ್ತಿಗೆ ಹನ್ನೊಂದು ತಂತಿ, ನಾಲ್ಕು ಸ್ವಿಚ್ಚು ಆಗಿ, ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರು ಸೀರೆ ಎತ್ತಿಹಿಡಿದು ದಾಟಬೇಕಾಯಿತು. ರೈಲು ನಿಂತಲ್ಲೇ ನಿಂತಿತ್ತು. ಬಲ್ಬು ಮಾತ್ರ ದಿನದಿನಕ್ಕೂ ಹುರುಪಿನಿಂದ ಉರಿಯುತ್ತಿತ್ತು. ಅರಕಲಗೂಡಿನಿಂದ ಬಂದಿದ್ದ ಒಬ್ಬಾಕೆ, ತಮ್ಮೂರಿಗಿನ್ನೂ ದೊಡ್ಡ ರೈಲೇ ಬಂದಿಲ್ಲ, ಬರದೆ ಇರುವುದು ಹೇಗಿರುತ್ತೆ ಅಂತ ಇಲ್ಲಿ ಚಿಕ್ಕದರಲ್ಲಿ ತೋರಿಸಿದ್ದಾರೆ ಎಂದು ಹೇಳಿದಳಂತೆ. ಆರನೆಯ ದಿನ ಸಂಜೆ ಗಂಗಾಂಬಿಕೆ ತನ್ನ ಟ್ರಂಕಿನ ಧೂಳು ಒರೆಸುತ್ತಿದ್ದುದನ್ನು ಚಂದ್ರಶೇಖರಯ್ಯ ಕಂಡರು.

ಏಳನೆಯ ದಿನ ಸಂಜೆ ರಾಮಣ್ಣ ಬ್ಯಾಟರಿ ತಂದಿಟ್ಟು, ಜಗುಲಿಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಂಡ. ಚಂದ್ರಶೇಖರಯ್ಯ ನೆಲದ ಮೇಲೆ ಇದ್ದಿಲಿನಲ್ಲಿ ಹಳಿಯ ನಕ್ಷೆ ಬರೆದು, ಎಡದ ಹಳಿಗೆ ಇಲ್ಲಿಂದ ತಂತಿ, ಬಲದ ಹಳಿಗೆ ಅಲ್ಲಿಂದ ತಂತಿ ಎಂದು ಏಳನೆಯ ಸಲ ವಿವರಿಸಿದರು. ರಾಮಣ್ಣನಿಗೆ ತಂತಿಯ ವಿಷಯ ಬೇಸರ ಬಂದಿತ್ತು. ಬಸ್ಸಿನ ವಿಷಯ ಗೊತ್ತಿತ್ತು.

‘ಅಲ್ಲಾ ಸಾ, ಎಡ ಬಲ ಅಂತ ಬಡ್ಕೋತೀರಲ್ಲ, ಒಂದ್ ಮಾತು ಕೇಳ್ತೀನಿ. ನಾನು ರಾಮನಾಥಪುರುಕ್ಕೆ ಓಗುವಾಗ ಆಲದಮರ ನನ್ ಬಲ್ಗಡೀಕೆ ಬತ್ತದೆ. ಬಸ್ ತಿರುಗಿಸ್ಕೊಂಡ್ ಬರುವಾಗ ಅದೇ ಮರ ಎಡ್ಗಡೀಕೆ ಬತ್ತದೆ. ಮರ ಎದ್ದು ಓಗಿರ್ತದಾ? ನಾನಲ್ವಾ ತಿರುಗಿರಾದು. ನಿಮ್ ರೈಲೂ ಅಂಗೇ ತಿರುಕ್ಕೊಂಡ್ ಬಂದ್ರೆ ಅದರ ಎಡ ಯಾವ್ದು, ಬಲ ಯಾವ್ದು?’

ಚಂದ್ರಶೇಖರಯ್ಯ ಅವನ ಮುಖ ನೋಡಿದರು. ಆಮೇಲೆ ಹೆಗಲ ಮೇಲಿನ ಶಲ್ಯ ತೆಗೆದರು. ಮಾವ ಉಡುಗೊರೆ ಕೊಟ್ಟಿದ್ದ ಶಲ್ಯ. ಒಂದಂಚು ಕೆಂಪು, ಇನ್ನೊಂದಂಚು ಹಸಿರು. ಎರಡಂಚೂ ಎರಡು ಕಡೆಗೆ ಕಾಣುವಂತೆ ಅದನ್ನು ಉದ್ದಕ್ಕೆ ಮಡಿಚಿ ಪಟ್ಟಿ ಮಾಡಿ, ಜಗುಲಿಯ ಮೇಲೆ ರಸ್ತೆಯ ಹಾಗೆ ಹಾಸಿ, ಮಗುಚದೆ ನಿಧಾನವಾಗಿ ಬಗ್ಗಿಸಿ, ಕುಣಿಕೆ ಮಾಡಿ, ತುದಿಯನ್ನು ತಂದು ಶಲ್ಯಕ್ಕೇ ಸೇರಿಸಿದರು. ಹಸಿರಂಚು ಬಂದು ಕೆಂಪಂಚಿಗೆ ಕೂತಿತು.

ಎಡದ ಹಳಿ ಸುತ್ತಿಬಂದು ಬಲದ ಹಳಿಗೇ ಸೇರಿತ್ತು. ಬ್ಯಾಟರಿಯ ಎರಡು ತಂತಿಗಳನ್ನು ಒಂದಕ್ಕೊಂದು ಗಂಟು ಹಾಕಲು ಅವರು ಮೂರು ತಿಂಗಳು ಕೆಲಸ ಮಾಡಿದ್ದರು. ಸುರಂಗದಲ್ಲಿ ಮೊಳೆಯೂ ಇರಲಿಲ್ಲ, ಸೂಜಿಯೂ ಇರಲಿಲ್ಲ.

ಇದಕ್ಕೆ ಉಪಾಯವಿಲ್ಲದೆ ಇಲ್ಲ. ಸುರಂಗದ ಒಳಗೆ ಹಳಿಯನ್ನು ಎರಡು ಕಡೆ ಕತ್ತರಿಸಿ, ಆ ತುಂಡಿಗೆ ಬೇರೆ ತಂತಿ, ಬೇರೆ ಸ್ವಿಚ್ಚು ಕೊಟ್ಟರೆ ಆಗುತ್ತದೆ. ಆದರೆ ಕತ್ತರಿಸಲು ಕೈ ಹೋಗಬೇಕು. ಕೈ ಹೋಗಲು ಹಲಗೆ ಸರಿಯಬೇಕು. ಹಲಗೆ ಸರಿಯಲು ಗೊಂಬೆ ಏಳಬೇಕು. ನಾಳೆ ಅಷ್ಟಮಿ, ನೀಲಗಂಗಮ್ಮ ಬರುತ್ತಾರೆ. ನಾಡಿದ್ದು ಆಯುಧಪೂಜೆ, ಇಕ್ಕಳ ಸುತ್ತಿಗೆಗಳೂ ಪೂಜೆಗೆ ಕೂತುಬಿಡುತ್ತವೆ, ಮುಟ್ಟುವ ಹಾಗಿಲ್ಲ.

ಬಲ್ಬಿಲ್ಲದೆಯೇ ಅವರಿಗೆ ಬೆಳಕು ಹರಿದಿತ್ತು. ಇಕ್ಕಳ ತೆಗೆದುಕೊಂಡು ಒಳಗೆ ಹೋಗಿ, ಹನ್ನೊಂದು ತಂತಿಗಳಲ್ಲಿ ಒಂಬತ್ತನ್ನು ಕಿತ್ತರು. ನಾಲ್ಕು ಸ್ವಿಚ್ಚುಗಳಲ್ಲಿ ಮೂರನ್ನು ಕಿತ್ತರು. ಸುರಂಗಕ್ಕೆ ಹೋಗುವ ಹಳಿ, ಸುರಂಗದಿಂದ ಬರುವ ಹಳಿ, ಎರಡನ್ನೂ ಮೆಟ್ಟಿಲ ಬುಡದಲ್ಲಿ ಕಡಿದರು. ಹಳಿಯನ್ನು ಸ್ವಲ್ಪ ಎಡಕ್ಕೆ ಎಳೆದರೆ ನೆಟ್ಟಗಾಗುತ್ತಿತ್ತು. ಅಲ್ಲೊಂದು ಮಣ್ಣಿನ ಆನೆ ಕೂತಿತ್ತು. ಆನೆ ಅಲ್ಲಾಡುವಂತಿರಲಿಲ್ಲ, ಹಳಿಯೇ ಆನೆಯನ್ನು ಬಳಸಿಕೊಂಡು ಹೋಯಿತು. ಸುರಂಗದ ಎರಡು ಬಾಯಿಗೂ ಹೊಸದಾಗಿ ಮೊಳೆತ ರಾಗಿ ಪೈರಿನ ತಟ್ಟೆ ಇಟ್ಟು ಮುಚ್ಚಿದರು. ಕೊನೆಗೆ ಉಳಿದದ್ದು ಎರಡು ಹಳಿ, ಎರಡು ತಂತಿ ಮತ್ತು ತಂತಿಗಳನ್ನು ಅದಲುಬದಲು ಮಾಡುವ ಒಂದು ಸ್ವಿಚ್ಚು. ಹೀಗೆ ಒತ್ತಿದರೆ ರೈಲು ಮುಂದಕ್ಕೆ. ಹಾಗೆ ಒತ್ತಿದರೆ ಬಂದ ದಾರಿಯಲ್ಲೇ ಹಿಂದಕ್ಕೆ.

ಒತ್ತಿದರು. ಹೋಯಿತು. ಇನ್ನೊಂದು ಕಡೆಗೆ ಒತ್ತಿದರು. ಹಿಂದುಹಿಂದಕ್ಕೆ ಬಂತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಂಗಾಂಬಿಕೆ, ಸದ್ಯ ಓಡಿತಲ್ಲ ಎಂದು ಹೇಳಿದಳು. ಆಮೇಲೆ ದನಿ ತಗ್ಗಿಸಿ, ಹಿಂದಕ್ಕೆ ಬರುವುದನ್ನು ನೋಡಿ ಅತ್ತೆ ಏನು ಅನ್ನುತ್ತಾರೋ ಎಂದಳು. ಅದೇ ಯೋಚನೆ ಚಂದ್ರಶೇಖರಯ್ಯನವರಿಗೂ ಇತ್ತು.

ಅಷ್ಟಮಿಯ ಮಧ್ಯಾಹ್ನ ರಾಮಣ್ಣನ ಬಸ್ಸಿನಲ್ಲೇ ನೀಲಗಂಗಮ್ಮ ಬಂದಿಳಿದರು. ಎಪ್ಪತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಮಾತೂ ಹಾಗೇ ಗೆರೆ ಕೊರೆದ ಹಾಗೆ. ದೀಪ ಹಚ್ಚುವ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ನಡುಮನೆಯಲ್ಲಿ ಸೇರಿದ್ದರು. ಗೊಂಬೆ ನೋಡಲು ಬಂದವರು ಅರ್ಧ, ಚಂದ್ರಶೇಖರಯ್ಯನವರ ಬಲ್ಬು ನೋಡಲು ಬಂದವರು ಇನ್ನರ್ಧ. ನೀಲಗಂಗಮ್ಮ ಮಣೆಯ ಮೇಲೆ ಕುಳಿತು, ರಾಜರಾಣಿಯ ಸೆರಗು, ಪೇಟ, ಹೂವು ಎಲ್ಲವನ್ನೂ ಕಣ್ಣಲ್ಲೇ ಅಳೆದು, ‘ಎಲ್ಲಿ ಅಳಿಯಂದಿರೇ, ಅದೇನೋ ಓಡಿಸ್ತೀರಂತಲ್ಲ’ ಎಂದರು.

ಚಂದ್ರಶೇಖರಯ್ಯ ಸ್ವಿಚ್ಚು ಒತ್ತಿದರು. ರೈಲು ಹೊಳೆನರಸೀಪುರ ಬಿಟ್ಟು, ಕನ್ನಡಿ ಚೂರಿನ ಹೇಮಾವತಿಯನ್ನು ದಾಟಿ, ಆನೆಯನ್ನು ಬಳಸಿ, ಹಾಸನಕ್ಕೆ ಬಂದು, ರಾಜರಾಣಿಯ ಎದುರಿಗೆ ನಿಂತಿತು. ಮೆಚ್ಚುಗೆಯ ಗುಸುಗುಸು ಎದ್ದಿತು. ಅವರು ಸ್ವಿಚ್ಚು ಬದಲಿಸಿದರು. ರೈಲು ಹಿಂದುಹಿಂದಕ್ಕೆ ಹೊರಟಿತು.

‘ಇದೇನು, ಹಿಂದಕ್ಕೇ ಬರ್ತಾ ಇದೆ. ಪಾಪ, ಅದಕ್ಕೆ ತಿರುಗೋಕೆ ಬರಲ್ವಾ?’ ಎಂದಳು ಪ್ರೇಮಕುಮಾರಿ.

ಇಬ್ಬರು ಮೂವರು ನಕ್ಕರು. ಗಂಗಾಂಬಿಕೆ ಕುಂಕುಮದ ಬಟ್ಟಲನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಚಂದ್ರಶೇಖರಯ್ಯ ಹಸಿರಂಚು ಕೆಂಪಂಚಿನ ಸಂಗತಿಯನ್ನು ಹೇಳಲು ಶಲ್ಯಕ್ಕೆ ಕೈಹಾಕಿದರು. ಅಷ್ಟರಲ್ಲಿ ನೀಲಗಂಗಮ್ಮ ಪ್ರೇಮಕುಮಾರಿಯ ಕಡೆಗೆ ತಿರುಗಿದ್ದರು.

‘ಯಾಕಮ್ಮ ತಿರುಗಬೇಕು? ಅರಸರ ಎದುರಿಗೆ ಹೋದೋರು ಬೆನ್ನು ತಿರುಗಿಸ್ಕೊಂಡು ಬರ್ತಾರೇನು? ನಮ್ಮ ಯಜಮಾನರು ಮೈಸೂರು ದರ್ಬಾರಿಗೆ ಹೋದಾಗ ಕೈಮುಗಿದು ಹಿಂದುಹಿಂದಕ್ಕೇ ಹೆಜ್ಜೆ ಇಟ್ಟು ಬಂದ್ರು. ಹಿಂದೆ ಕಂಬ ಇತ್ತು, ತಲೆ ಹೊಡಕೊಂಡ್ರು. ಬೋರೆ ಎದ್ದಿತ್ತು. ಬೆನ್ನು ಮಾತ್ರ ತೋರಿಸ್ಲಿಲ್ಲ. ಇವತ್ತಿನ ಮಕ್ಕಳಿಗೆ ತಿಳೀದೆ ಇರೋದು ಈ ರೈಲಿಗೆ ತಿಳಿದಿದೆಯಲ್ಲ.’

ನಗು ನಿಂತಿತು. ಪ್ರೇಮಕುಮಾರಿ ರೈಲನ್ನು ಹೊಸ ಗೌರವದಿಂದ ನೋಡಿದಳು. ನೀಲಗಂಗಮ್ಮ ಇನ್ನೊಂದು ಸಲ ಓಡಿಸಲು ಹೇಳಿದರು. ಇನ್ನೊಂದು ಸಲ, ಮತ್ತೊಂದು ಸಲ. ಪ್ರತಿ ಸಲವೂ ರೈಲು ರಾಜರಾಣಿಯ ಮುಂದೆ ನಿಂತು ಹಿಂದಕ್ಕೆ ಸರಿಯುವಾಗ ಅವರ ಕೈಗಳು ತಾವಾಗಿಯೇ ಒಂದಕ್ಕೊಂದು ಸೇರುತ್ತಿದ್ದವು. ಚಂದ್ರಶೇಖರಯ್ಯ ಶಲ್ಯದಿಂದ ಕೈ ತೆಗೆದು ಅದನ್ನು ಸುಮ್ಮನೆ ಹೆಗಲ ಮೇಲೆ ಸರಿಮಾಡಿಕೊಂಡರು.

ಎಲ್ಲರೂ ಹೋದ ಮೇಲೆ ಗಂಗಾಂಬಿಕೆ ಮೆಲ್ಲಗೆ ಕೇಳಿದಳು: ‘ದರ್ಬಾರಿನ ವಿಷಯ ಮೊದಲೇ ಯೋಚನೆ ಮಾಡಿ ಮಾಡಿದ್ರಾ?’

‘ಇಲ್ಲ’ ಎಂದರು ಅವರು.

‘ಗೊತ್ತಿತ್ತು. ಸುಮ್ಮನೆ ಕೇಳಿದೆ’ ಎಂದು ಆಕೆ ರೈಲಿನ ಮುಂದೆ ಕುಳಿತು, ಆ ವರ್ಷ ಮೊದಲ ಸಲ, ತಾನೇ ಸ್ವಿಚ್ಚು ಒತ್ತಿ ನೋಡಿದಳು.

ವಿಜಯದಶಮಿಯ ಸಂಜೆ ರಾಜರಾಣಿಯನ್ನು ಮಲಗಿಸಿ ಪೆಟ್ಟಿಗೆಗೆ ಇಡುವಾಗ ನೀಲಗಂಗಮ್ಮ ಸೊಂಟದಿಂದ ಬೀಗದ ಕೈ ತೆಗೆದರು. ತಾವು ಅದನ್ನು ಹೊತ್ತು ತಿರುಗುವ ವಯಸ್ಸು ಮುಗಿಯಿತು ಎಂದು ಹೇಳಿ, ಗಂಗಾಂಬಿಕೆಯ ಸೆರಗಿನ ತುದಿಗೆ ಕಟ್ಟಿದರು. ಮಾರನೆಯ ದಿನ ಬಸ್ಸು ಹತ್ತುವಾಗ ಅವರ ಕೈಯಲ್ಲಿ ಎಲೆಯಡಿಕೆಯ ಚೀಲ ಬಿಟ್ಟರೆ ಬೇರೇನೂ ಇರಲಿಲ್ಲ.

ಮುಂದಿನ ವರ್ಷ ಪಾಡ್ಯದ ಮುನ್ನಾದಿನ ಗಂಗಾಂಬಿಕೆ, ಸುರಂಗದ ಕೆಲಸ ಏನಾದರೂ ಇದ್ದರೆ ಈಗಲೇ ಮಾಡಿಕೊಳ್ಳಿ, ಗೊಂಬೆ ಕೂತ ಮೇಲೆ ಕೇಳಬೇಡಿ ಎಂದಳು. ಹಳಿ ಕತ್ತರಿಸುವ ಉಪಾಯ ಅವರಿಗೆ ಗೊತ್ತಿತ್ತು, ಇಕ್ಕಳವೂ ಕೈಯಲ್ಲಿತ್ತು. ಬಗ್ಗಿ ಸುರಂಗದೊಳಗೆ ಇಣುಕಿ, ಕೆಲಸವೇನೂ ಇಲ್ಲ ಎಂದು ಎದ್ದು ಬಂದರು.

ಆಮೇಲೆ ಯುದ್ಧ ಬಂತು. ಪೆಟ್ರೋಲು ಸಿಗದೆ ರಾಮಣ್ಣನ ಬಸ್ಸು ಇದ್ದಿಲಿನ ಹೊಗೆಯ ಮೇಲೆ ಓಡತೊಡಗಿತು. ೧೯೪೩ರ ಹೊತ್ತಿಗೆ ಬ್ಯಾಟರಿಯನ್ನು ಬಸ್ಸಿನಿಂದ ಬಿಚ್ಚಲು ಅವನ ಯಜಮಾನ ಬಿಡಲಿಲ್ಲ. ಹೊಸದು ಹಾಸನದಲ್ಲೂ ಸಿಗುತ್ತಿರಲಿಲ್ಲ. ಆದರೆ ದಸರೆ ಬಂದ ಕೂಡಲೇ ಬೀದಿಯವರು, ಈ ಸಲ ರೈಲು ಅರಸರ ಮುಂದೆ ಯಾವಾಗ ಹೋಗುತ್ತೆ ಎಂದು ಕೇಳತೊಡಗಿದರು. ಚಂದ್ರಶೇಖರಯ್ಯ ಎಂಜಿನ್ನಿನ ಮುಂದಕ್ಕೊಂದು ಕರಿಯ ದಾರ, ಕೊನೆಯ ಡಬ್ಬಿಗೊಂದು ಕರಿಯ ದಾರ ಕಟ್ಟಿದರು. ಮೆಟ್ಟಿಲ ಪಕ್ಕದಲ್ಲಿ ಕುಳಿತು ಅವರು ತಮ್ಮ ದಾರ ಎಳೆದರೆ ರೈಲು ಹಾಸನಕ್ಕೆ ಬರುತ್ತಿತ್ತು. ಬಾಗಿಲ ಬಳಿ ಕುಳಿತು ಗಂಗಾಂಬಿಕೆ ತನ್ನ ದಾರ ಎಳೆದರೆ ಹಿಂದುಹಿಂದಕ್ಕೆ ಹೊಳೆನರಸೀಪುರಕ್ಕೆ ಹೋಗುತ್ತಿತ್ತು.

ಮೆಟ್ಟಿಲ ಬುಡದಲ್ಲಿ ಒಂದು ಮೊಳೆ ಹೊಡೆದು ದಾರವನ್ನು ಬಳಸಿ ತಂದಿದ್ದರೆ ಎರಡನ್ನೂ ಒಬ್ಬರೇ ಎಳೆಯಬಹುದಾಗಿತ್ತು. ರಾಮಣ್ಣನೂ ಅದನ್ನೇ ಹೇಳಿದ. ಹಿತ್ತಲ ಬಾಗಿಲಿಗೆ ರಾಟೆ ಕಟ್ಟಿದ ಮನುಷ್ಯನಿಗೆ ಇದು ಹೊಳೆಯದೆ ಇರಲಿಲ್ಲ. ಯುದ್ಧ ಮುಗಿಯುವವರೆಗೂ ಅ‌ವರು ಆ ಮೊಳೆ ಹೊಡೆಯಲಿಲ್ಲ.